ಡೇ ಕೇರ್ ತೆರೆಯುವ ಮುನ್ನ: ವಲಯ ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿಶುಪಾಲನಾ ಕೇಂದ್ರ ತೆರೆಯಲು ಹೊರಟವರ ತಲೆಯಲ್ಲಿ ಮೊದಲು ಇರುವುದು ಮಕ್ಕಳು. ಗೋಡೆಗೆ ಯಾವ ಬಣ್ಣ, ಮಲಗಿಸುವ ಕೋಣೆ ಯಾವುದು, ಆಯಾ ಎಷ್ಟು ಜನ ಎಂದೆಲ್ಲ ಯೋಚಿಸುತ್ತಾರೆ. ಆ ಜಾಗದಲ್ಲಿ ಕೇಂದ್ರ ನಡೆಸಲು ಬಿಡುತ್ತಾರೋ ಇಲ್ಲವೋ ಎಂಬ ಪ್ರಶ್ನೆ ಬರುವುದು ಎಲ್ಲ ಮುಗಿದ ಮೇಲೆ. ಇಂಥವರಿಗೆ ನಕ್ಷೆ, ಅರ್ಜಿ ತಯಾರಿಸಿ ಕೊಡುವ ಕೆಲಸದಲ್ಲಿ ನನಗೆ ಬಂದ ಫೋನು, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ನಿಯಮ ಊರಿಂದೂರಿಗೆ ಬೇರೆಯಾದರೂ ಅದನ್ನು ಹುಡುಕಿಕೊಂಡು ಹೋಗುವ ದಾರಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ.

## ಮೊದಲು ತಿಳಿಯಬೇಕಾದದ್ದು

ವಲಯ ನಿಯಮ ಅಂದ್ರೆ ಏನು? ನನ್ನ ಸ್ವಂತ ಜಾಗದಲ್ಲಿ ನಾಲ್ಕು ಮಕ್ಕಳನ್ನು ನೋಡಿಕೊಳ್ಳೋಕೂ ಯಾರನ್ನೋ ಕೇಳಬೇಕಾ?

ಊರಿನ ಯಾವ ಭಾಗದಲ್ಲಿ ಏನು ನಡೆಯಬಹುದು, ಏನು ಕೂಡದು ಎಂದು ಸ್ಥಳೀಯ ಆಡಳಿತ ಒಂದು ನಕ್ಷೆ ಮಾಡಿ ಬಣ್ಣ ಹಚ್ಚಿರುತ್ತದೆ. ವಸತಿಗೆ ಒಂದು ಬಣ್ಣ, ಅಂಗಡಿ ಕಚೇರಿಗಳಿಗೆ ಇನ್ನೊಂದು, ಕೈಗಾರಿಕೆಗೆ ಮತ್ತೊಂದು. ನಕ್ಷೆಯ ಜೊತೆಗೆ ಒಂದು ನಿಯಮಪುಸ್ತಕವೂ ಇರುತ್ತದೆ. 1916ರಲ್ಲಿ ನ್ಯೂಯಾರ್ಕ್ ಇಡೀ ನಗರಕ್ಕೆ ಅನ್ವಯಿಸುವ ಇಂಥ ನಿಯಮ ತಂದಿತು. 1926ರಲ್ಲಿ ಓಹಾಯೋ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸ್ಥಳೀಯ ಆಡಳಿತಕ್ಕೆ ಈ ಅಧಿಕಾರ ಇದೆ ಎಂದು ಎತ್ತಿಹಿಡಿಯಿತು.

ಮನೆಗಳ ಪಕ್ಕದಲ್ಲಿ ಹೊಗೆ ಕಾರುವ ಕಾರ್ಖಾನೆ ಏಳಬಾರದು ಎಂಬ ಆಶಯಕ್ಕೆ ಯಾರ ತಕರಾರೂ ಇರಲಾರದು. ಆದರೆ ಶಿಶುಪಾಲನಾ ಕೇಂದ್ರ ಈ ಬಣ್ಣಗಳಲ್ಲಿ ಯಾವುದಕ್ಕೂ ಸಲೀಸಾಗಿ ಹೊಂದುವುದಿಲ್ಲ. ಶುಲ್ಕ ಪಡೆಯುವುದರಿಂದ ವ್ಯಾಪಾರದ ಹಾಗೆ, ಕಲಿಸುವುದರಿಂದ ಶಾಲೆಯ ಹಾಗೆ, ಊಟ ನಿದ್ದೆ ಇರುವುದರಿಂದ ಮನೆಯ ಹಾಗೆ ಕಾಣುತ್ತದೆ. ನೀವು ಕೇಳುವ ಮುಕ್ಕಾಲು ಪಾಲು ಪ್ರಶ್ನೆಗಳ ಮೂಲ ಇದೇ.

ಮಕ್ಕಳ ಇಲಾಖೆಯಿಂದ ಲೈಸೆನ್ಸ್ ಸಿಕ್ಕಿದೆ. ಅಷ್ಟು ಸಾಲದಾ?

ಸಾಲದು. ಲೈಸೆನ್ಸ್ ನೋಡುವುದು ನಿಮ್ಮನ್ನು: ಎಷ್ಟು ಮಕ್ಕಳಿಗೆ ಎಷ್ಟು ಜನ ಆರೈಕೆಯವರು, ಅವರ ಹಿನ್ನೆಲೆ ಏನು, ಔಷಧಿ ಎಲ್ಲಿಡುತ್ತೀರಿ ಎಂಬುದನ್ನು. ವಲಯ ಅನುಮತಿ ನೋಡುವುದು ನೆಲವನ್ನು: ಈ ಬಳಕೆ ಈ ಜಾಗಕ್ಕೆ ಸರಿಯೇ ಎಂಬುದನ್ನು. ಕಟ್ಟಡದ ಅನುಮತಿ ಮೂರನೆಯದು, ಅಗ್ನಿಶಾಮಕದವರ ಒಪ್ಪಿಗೆ ನಾಲ್ಕನೆಯದು. ನಾಲ್ಕೂ ಬೇರೆ ಬೇರೆ ಮೇಜುಗಳಲ್ಲಿ ಕೂತಿರುತ್ತವೆ, ಒಂದು ಮೇಜಿನವರಿಗೆ ಇನ್ನೊಂದು ಮೇಜಿನ ಸುದ್ದಿ ಗೊತ್ತಿರುವುದಿಲ್ಲ. ಒಬ್ಬರು ಹೂಂ ಅಂದರು ಎಂದು ಉಳಿದ ಮೂವರೂ ಅಂದಹಾಗಲ್ಲ. ನನ್ನ ಸಲಹೆ, ವಲಯದಿಂದಲೇ ಶುರು ಮಾಡಿ. ಉಳಿದ ಮೂರರಲ್ಲಿ ಕೊರತೆ ಕಂಡರೆ ಹಣ, ಕೆಲಸ ಹಾಕಿ ಸರಿಮಾಡಬಹುದು. ಜಾಗವೇ ತಪ್ಪಾಗಿದ್ದರೆ ಎಷ್ಟು ಸುರಿದರೂ ಅಷ್ಟೇ.

ನನ್ನ ಜಾಗ ಯಾವ ವಲಯದಲ್ಲಿದೆ ಅಂತ ಎಲ್ಲಿ ನೋಡಲಿ?

ನಗರ ಯೋಜನಾ ಕಚೇರಿಯಲ್ಲಿ ವಲಯ ನಕ್ಷೆ ಇರುತ್ತದೆ. ಈಗ ಬಹಳ ಕಡೆ ಆನ್‌ಲೈನಿನಲ್ಲೂ ಇದೆ. ಬಾಗಿಲ ಸಂಖ್ಯೆಯಿಂದ ಹುಡುಕಬೇಡಿ, ಆಸ್ತಿ ದಾಖಲೆಯಲ್ಲಿರುವ ನಿವೇಶನದ ಸಂಖ್ಯೆಯಿಂದ ಹುಡುಕಿ. ರಸ್ತೆಯ ಈ ಬದಿ ಒಂದು ವಲಯ, ಎದುರು ಬದಿ ಇನ್ನೊಂದು ಆಗಿರುವುದು ತೀರಾ ಸಾಮಾನ್ಯ.

ಬಣ್ಣ ನೋಡಿ ಎದ್ದು ಬರಬೇಡಿ. ಒಂದು ವಲಯದ ಮೇಲೆ ಇನ್ನೊಂದು ಪದರದ ನಿಯಮ ಹೊದಿಸಿರುವುದುಂಟು: ಪಾರಂಪರಿಕ ಪ್ರದೇಶ, ನೆರೆ ಬರುವ ಪ್ರದೇಶ, ವಿಮಾನ ನಿಲ್ದಾಣದ ಸದ್ದಿನ ಪ್ರದೇಶ ಹೀಗೆ. "ಈ ನಿವೇಶನಕ್ಕೆ ಮೂಲ ವಲಯ ಬಿಟ್ಟು ಬೇರೆ ಯಾವುದಾದರೂ ನಿಯಮ ಅನ್ವಯಿಸುತ್ತದೆಯೇ?" ಎಂದು ಬಾಯಿಬಿಟ್ಟು ಕೇಳಿ. ಕೇಳಿದವರಿಗೆ ಮಾತ್ರ ಸಿಗುವ ಉತ್ತರ ಇದು.

ನಿಯಮದ ಪಟ್ಟಿಯಲ್ಲಿ 'ಡೇ ಕೇರ್' ಅನ್ನೋ ಪದವೇ ಇಲ್ಲ. 'ಶಾಲೆ' ಅಂತ ಅರ್ಜಿ ಹಾಕಿದ್ರೆ ಆಗುತ್ತಾ?

ದಯವಿಟ್ಟು ಹಾಗೆ ಮಾಡಬೇಡಿ. ಶಾಲೆ ಎಂದು ಬರೆದ ತಕ್ಷಣ ಶಾಲೆಗೆ ಬೇಕಾದ ನಿವೇಶನದ ಅಳತೆ, ರಸ್ತೆಯ ಅಗಲ, ಆಟದ ಮೈದಾನ ಎಲ್ಲವೂ ನಿಮ್ಮ ತಲೆಯ ಮೇಲೆ ಬೀಳುತ್ತವೆ. ಮೊದಲು ನಿಯಮಪುಸ್ತಕದ ವ್ಯಾಖ್ಯೆಗಳ ಅಧ್ಯಾಯ ತೆಗೆಯಿರಿ. ಶಿಶುವಿಹಾರ, ಬಾಲವಾಡಿ, ನರ್ಸರಿ, ಕ್ರೆಶ್, ಶಿಶುಪಾಲನೆ, ಸಮುದಾಯ ಸೇವೆ... ಇವುಗಳಲ್ಲಿ ಒಂದರ ಅಡಿಯಲ್ಲಿ ನಿಮ್ಮ ಕೆಲಸ ಅಡಗಿರಬಹುದು.

ಹೆಸರು ಬದಲಾದರೆ ನಿಯಮ ಎಷ್ಟು ಬದಲಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡ್ ಒಳ್ಳೆಯ ಉದಾಹರಣೆ. ಅಲ್ಲಿ ಮೊದಲು ಡೇ ನರ್ಸರಿಗಳು ಶಾಲೆ, ಚಿಕಿತ್ಸಾಲಯಗಳಿದ್ದ ವರ್ಗದಲ್ಲೇ ಇದ್ದವು. 2020ರ ಸೆಪ್ಟೆಂಬರ್ 1ರಿಂದ ಅವನ್ನು ಅಂಗಡಿ, ಕಚೇರಿಗಳಿರುವ 'ಇ' ವರ್ಗಕ್ಕೆ ಸೇರಿಸಿದರು. ಶಾಲೆಗಳು ಬೇರೆ ವರ್ಗಕ್ಕೆ ಹೋದವು. ಒಂದೇ ವರ್ಗದೊಳಗೆ ಬಳಕೆ ಬದಲಿಸಲು ಅಲ್ಲಿ ಯೋಜನಾ ಅನುಮತಿ ಬೇಕಿಲ್ಲವಾದ್ದರಿಂದ, ಹಳೆಯ ಅನುಮತಿಯ ಷರತ್ತುಗಳೇನೂ ಅಡ್ಡ ಬರದಿದ್ದರೆ, ಖಾಲಿ ಬಿದ್ದ ಅಂಗಡಿಯಲ್ಲಿ ನರ್ಸರಿ ತೆರೆಯುವ ದಾರಿ ಸುಗಮವಾಯಿತು. ಕಟ್ಟಡವೂ ಅದೇ, ಮಕ್ಕಳೂ ಅವರೇ, ಬದಲಾದದ್ದು ವರ್ಗದ ಹೆಸರು.

ಯಾವ ಪದವೂ ಹೊಂದದಿದ್ದರೆ, ನಿಮ್ಮ ಬಳಕೆ ಯಾವ ವರ್ಗಕ್ಕೆ ಸೇರುತ್ತದೆಂದು ಲಿಖಿತ ತೀರ್ಮಾನ ಕೊಡಿ ಎಂದು ಯೋಜನಾ ಅಧಿಕಾರಿಗೆ ಅರ್ಜಿ ಕೊಡಿ. ಮಕ್ಕಳ ಸಂಖ್ಯೆ, ವಯಸ್ಸು, ಸಮಯ, ಸಿಬ್ಬಂದಿ ಎಲ್ಲವನ್ನೂ ಅದರಲ್ಲಿ ಬರೆಯಿರಿ.

'ನೇರ ಅವಕಾಶ', 'ಷರತ್ತಿನ ಅವಕಾಶ' ಅಂತ ಎರಡು ಕಲಂ ಇದೆ. ಏನು ವ್ಯತ್ಯಾಸ?

ನೇರ ಅವಕಾಶದ ಕಲಮಿನಲ್ಲಿ ನಿಮ್ಮ ಬಳಕೆ ಇದ್ದರೆ ಅಳತೆಗಳು ಸರಿಯಿದ್ದರೆ ಸಾಕು, ಬೇಡ ಎನ್ನುವ ಹಕ್ಕು ಯಾರಿಗೂ ಇರುವುದಿಲ್ಲ. ಷರತ್ತಿನ ಕಲಮಿನಲ್ಲಿದ್ದರೆ ಒಂದು ಸಮಿತಿಯೋ ಪ್ರಾಧಿಕಾರವೋ ನಿಮ್ಮ ಅರ್ಜಿಯನ್ನು ಪ್ರತ್ಯೇಕವಾಗಿ ನೋಡುತ್ತದೆ, ನೆರೆಯವರಿಗೆ ನೋಟಿಸ್ ಹೋಗುತ್ತದೆ, ಸಮಯ ಮತ್ತು ಸಂಖ್ಯೆಯ ಮೇಲೆ ಮಿತಿ ಹಾಕಬಹುದು. ಎರಡರಲ್ಲೂ ಇಲ್ಲದಿದ್ದರೆ ಆ ಜಾಗದ ಆಸೆ ಬಿಟ್ಟು ಬೇರೆ ಹುಡುಕುವುದೇ ಹೆಚ್ಚಿನ ಸಂದರ್ಭದಲ್ಲಿ ಜಾಣತನ.

## ಮನೆಯಲ್ಲೇ ನಡೆಸುವವರಿಗೆ

ಮನೆಯಲ್ಲೇ ಐದಾರು ಮಕ್ಕಳನ್ನು ನೋಡ್ಕೋತೀನಿ. ಬೋರ್ಡೂ ಹಾಕಿಲ್ಲ. ನನಗೂ ಇದೆಲ್ಲ ಬೇಕಾ?

ಬೋರ್ಡಿಗೂ ಇದಕ್ಕೂ ಸಂಬಂಧವಿಲ್ಲ, ಮಕ್ಕಳ ಸಂಖ್ಯೆಗೆ ಸಂಬಂಧ. ಬಹಳಷ್ಟು ಕಡೆ ನಿಯಮಗಳು ಮನೆಯಲ್ಲಿ ನಡೆಸುವ ಪಾಲನೆಯನ್ನೂ ಕೇಂದ್ರವನ್ನೂ ಬೇರೆ ಬೇರೆಯಾಗಿ ನೋಡುತ್ತವೆ. ನೀವು ಅದೇ ಮನೆಯಲ್ಲಿ ವಾಸವಿರಬೇಕು, ಮಕ್ಕಳ ಸಂಖ್ಯೆ ಮಿತಿ ಮೀರಬಾರದು, ಹೊರಗಿನಿಂದ ನೋಡಿದರೆ ಮನೆ ಮನೆಯಂತೆಯೇ ಕಾಣಬೇಕು ಎಂಬ ಮೂರು ಮಾತು ಸಾಮಾನ್ಯವಾಗಿ ಇರುತ್ತವೆ.

ಕ್ಯಾಲಿಫೋರ್ನಿಯಾದಲ್ಲಿ 8 ಮಕ್ಕಳವರೆಗಿನದು ಸಣ್ಣ ಕೌಟುಂಬಿಕ ಪಾಲನಾ ಮನೆ, 14ರವರೆಗಿನದು ದೊಡ್ಡದು. ದೊಡ್ಡದಕ್ಕೆ ಊರೂರಿನ ಆಡಳಿತಗಳು ಪ್ರತ್ಯೇಕ ವಲಯ ಅನುಮತಿ ಕೇಳುತ್ತಿದ್ದವು. 2019ರಲ್ಲಿ ರಾಜ್ಯವೇ ಕಾನೂನು ಮಾಡಿ, ಲೈಸೆನ್ಸ್ ಇರುವ ಎರಡೂ ಬಗೆಯವನ್ನು ವಸತಿ ಬಳಕೆ ಎಂದೇ ಪರಿಗಣಿಸಬೇಕು ಎಂದಿತು; 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ನಿಮ್ಮಲ್ಲೂ ಸ್ಥಳೀಯ ನಿಯಮದ ಮೇಲೆ ಇಂಥ ರಾಜ್ಯದ ಕಾನೂನು ಇದೆಯೇ ನೋಡಿ. ಸ್ಥಳೀಯ ಕಚೇರಿಯ ಹಳೆಯ ಕೈಪಿಡಿಯಲ್ಲಿ ಅದು ಇನ್ನೂ ಸೇರಿರದೇ ಇರಬಹುದು.

ನಿಮ್ಮ ಸ್ವಂತ ಮಕ್ಕಳು ಲೆಕ್ಕಕ್ಕೆ ಸೇರುತ್ತಾರೋ ಇಲ್ಲವೋ ಎಂದು ಕೇಳುವುದನ್ನು ಮರೆಯಬೇಡಿ.

ವಲಯದಲ್ಲಿ ಅವಕಾಶ ಇದೆ. ಆದ್ರೆ ಅಪಾರ್ಟ್‌ಮೆಂಟ್ ಸಂಘದವರು ಬಿಡ್ತಿಲ್ಲ. ಯಾರ ಮಾತು ನಡೆಯುತ್ತೆ?

ವಲಯ ನಿಯಮ ಆಡಳಿತ ಹಾಕಿದ ಮಿತಿ; ಸಂಘದ ನಿಯಮಾವಳಿ ನೀವು ಮನೆ ಕೊಳ್ಳುವಾಗ ಸಹಿ ಹಾಕಿ ಒಪ್ಪಿದ ಮಿತಿ. ಒಂದು ಸಡಿಲವಾಗಿದ್ದರೆ ಇನ್ನೊಂದು ತಾನಾಗಿ ಸಡಿಲವಾಗುವುದಿಲ್ಲ. ಹಾಗಾಗಿ ಬಿಗಿಯಾದದ್ದೇ ನಡೆಯುತ್ತದೆ, ಮೇಲಿನ ಕಾನೂನು ಸಂಘದ ಕೈ ಕಟ್ಟಿಹಾಕಿದ್ದರೆ ಮಾತ್ರ ಬೇರೆ. ಬಾಡಿಗೆದಾರರಾಗಿದ್ದರೆ ಮಾಲೀಕರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ಪಡೆಯಿರಿ. ಲಿಫ್ಟ್ ಬಳಕೆ, ಕೆಳಗಿನ ಆಟದ ಜಾಗ, ವಿಮೆ ಇವುಗಳ ಬಗ್ಗೆ ಸಂಘಕ್ಕೆ ನಿಜವಾದ ಅಳುಕು ಇರುತ್ತದೆ. ಅದಕ್ಕೆ ಉತ್ತರ ಇಟ್ಟುಕೊಂಡು ಹೋದರೆ ಮಾತು ಮುಂದುವರಿಯುತ್ತದೆ.

## ಜಾಗ ಆರಿಸುವಾಗ

ತುಂಬಾ ಒಳ್ಳೆ ಜಾಗ. ಇನ್ನೊಬ್ಬರೂ ಕಾಯ್ತಿದ್ದಾರಂತೆ. ಅಡ್ವಾನ್ಸ್ ಕೊಟ್ಟುಬಿಡಲಾ?

ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಒಬ್ಬ ತಾಯಿ ನೆಲಮಹಡಿಯ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ನಾನು ಹೋಗಿ ನೋಡಿದಾಗ ಮಕ್ಕಳ ಎತ್ತರಕ್ಕೆ ಕೈತೊಳೆಯುವ ಬೇಸಿನ್‌ಗಳನ್ನು ಕೂರಿಸಿ ಆಗಿತ್ತು, ಚೂಪು ಮೂಲೆಗಳಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿತ್ತು, ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕದಂತೆ ಪ್ಲಾಸ್ಟಿಕ್ ಕವಚ ಹಾಕಿತ್ತು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಕಂಡಿದ್ದು ಕಡಿಮೆ. ಆ ರಸ್ತೆಯ ಅಗಲ ನಿಯಮ ಕೇಳುವುದಕ್ಕಿಂತ ಕಡಿಮೆ ಇತ್ತು. ರಸ್ತೆಯನ್ನು ಅಗಲ ಮಾಡುವುದು ಅವರ ಕೈಲಿ ಇರಲಿಲ್ಲ. ಮೂರು ತಿಂಗಳು ಓಡಾಡಿ ಕೊನೆಗೆ ಬೇಸಿನ್‌ಗಳನ್ನು ಬಿಚ್ಚಿಕೊಂಡು ಹೋದರು. ವಾರ ಮೊದಲು ಒಂದು ಅರ್ಜಿ ಕೊಟ್ಟಿದ್ದರೆ ಇದು ತಪ್ಪುತ್ತಿತ್ತು ಎನ್ನುವುದು ನನಗೆ ಇವತ್ತಿಗೂ ಚುಚ್ಚುತ್ತದೆ.

ಜಾಗ ಕೈತಪ್ಪುತ್ತದೆ ಎಂಬ ಭಯವಿದ್ದರೆ ಕರಾರಿನಲ್ಲೇ ಒಂದು ಷರತ್ತು ಸೇರಿಸಿ: ಇಷ್ಟು ಮಕ್ಕಳ ಪಾಲನಾ ಕೇಂದ್ರಕ್ಕೆ ವಲಯ ಅನುಮತಿ ಮತ್ತು ಲೈಸೆನ್ಸ್ ಇಂತಿಷ್ಟು ದಿನದೊಳಗೆ ಸಿಗದಿದ್ದರೆ ಕರಾರು ರದ್ದು, ಅಡ್ವಾನ್ಸ್ ಪೂರ್ತಿ ವಾಪಸ್. ಅರ್ಜಿಗೆ ಮಾಲೀಕರು ಸಹಿ ಹಾಕಿ ಸಹಕರಿಸಬೇಕು ಎಂಬುದೂ ಅದರಲ್ಲಿರಲಿ. ಈ ಷರತ್ತಿಗೆ ಒಪ್ಪದ ಮಾಲೀಕರ ಜಾಗದಲ್ಲಿ ಮುಂದೆಯೂ ನಿಮಗೆ ನೆಮ್ಮದಿ ಇರದು. "ಇಲ್ಲಿ ಮೊದಲೂ ಒಂದು ಡೇ ಕೇರ್ ಇತ್ತು, ಏನೂ ತೊಂದರೆಯಾಗಲಿಲ್ಲ" ಎಂಬ ಮಾತನ್ನು ನಂಬಿ ಹಣ ಎಣಿಸಬೇಡಿ. ಅದಕ್ಕೆ ಅನುಮತಿ ಇತ್ತೇ ಎಂದು ಕಚೇರಿಯಲ್ಲಿ ಕಡತ ತೆಗೆಸಿ ನೋಡಿ.

40 ಮಕ್ಕಳಿಗೆ ಎಷ್ಟು ಜಾಗ ಬೇಕಾಗುತ್ತೆ?

ಇದನ್ನು ಹೆಚ್ಚಾಗಿ ಹೇಳುವುದು ಲೈಸೆನ್ಸ್ ನಿಯಮ, ಆದರೆ ಜಾಗ ಆರಿಸುವಾಗಲೇ ಲೆಕ್ಕ ಬೇಕು. ಇಂಗ್ಲೆಂಡಿನಲ್ಲಿ ಒಳಗಿನ ಜಾಗ 2 ವರ್ಷದೊಳಗಿನ ಮಗುವಿಗೆ 3.5 ಚದರ ಮೀಟರ್, 2 ವರ್ಷದವರಿಗೆ 2.5, 3ರಿಂದ 5 ವರ್ಷದವರಿಗೆ 2.3. ಮಗು ಚಿಕ್ಕದಾದಷ್ಟೂ ಜಾಗ ಹೆಚ್ಚು ಎನ್ನುವುದನ್ನು ಗಮನಿಸಿ. ತೆವಳುವ ಕೂಸಿಗೆ ನೆಲ ಬೇಕು. ಆಸ್ಟ್ರೇಲಿಯಾದಲ್ಲಿ ಒಳಗೆ 3.25, ಹೊರಗೆ 7 ಚದರ ಮೀಟರ್. ಕ್ಯಾಲಿಫೋರ್ನಿಯಾದ ಕೇಂದ್ರಗಳಿಗೆ ಒಳಗೆ 35, ಹೊರಗೆ 75 ಚದರ ಅಡಿ, ಅಂದರೆ ಹೆಚ್ಚುಕಡಿಮೆ ಆಸ್ಟ್ರೇಲಿಯಾದ ಅಳತೆಯೇ.

3.25ರ ಲೆಕ್ಕದಲ್ಲಿ 40 ಮಕ್ಕಳಿಗೆ ಒಳಗೆ 130, ಹೊರಗೆ 280 ಚದರ ಮೀಟರ್ ಆಯಿತು. ಈ 130ರಲ್ಲಿ ಅಡುಗೆಮನೆ, ಶೌಚಾಲಯ, ಓಣಿ, ಕಚೇರಿ ಸೇರುವುದಿಲ್ಲ. ಮಗು ಆಡಲು ಸಿಗುವ ಬರಿಯ ನೆಲ ಅಷ್ಟಿರಬೇಕು. ದಲ್ಲಾಳಿ ಹೇಳುವ ಕಟ್ಟಡದ ಒಟ್ಟು ವಿಸ್ತೀರ್ಣ ಕೇಳಿ ಲೆಕ್ಕ ಹಾಕಿದವರು ಆಮೇಲೆ ಹತ್ತು ಮಕ್ಕಳನ್ನು ಕಡಿಮೆ ಮಾಡಬೇಕಾಗುತ್ತದೆ. ಟೇಪು ಹಿಡಿದು ಕೋಣೆ ಕೋಣೆ ಅಳೆಯಿರಿ.

ಹೊರಗಡೆ ಆಟದ ಜಾಗ ಇಲ್ಲ, ಆದ್ರೆ ಪಕ್ಕದಲ್ಲೇ ಪಾರ್ಕ್ ಇದೆ. ನಡೆಯುತ್ತಾ?

ಕೆಲವು ಕಡೆ ನಡೆಯುತ್ತದೆ. ಇಂಗ್ಲೆಂಡಿನ ನಿಯಮ ಸ್ವಂತ ಅಂಗಳವೇ ಬೇಕು ಎನ್ನುವುದಿಲ್ಲ, ಅಂಗಳವಿಲ್ಲದಿದ್ದರೆ ಮಕ್ಕಳನ್ನು ದಿನವೂ ಹೊರಗೆ ಆಡಿಸುವ ಏರ್ಪಾಡು ಇರಬೇಕು ಎನ್ನುತ್ತದೆ. ಪಾರ್ಕು ನಂಬುವುದಾದರೆ ದಾರಿಯನ್ನು ಮಗುವಿನ ಹೆಜ್ಜೆಯಲ್ಲಿ ನಡೆದು ನೋಡಿ. ದೊಡ್ಡವರಿಗೆ ಮೂರು ನಿಮಿಷವಾದರೆ ಕೈ ಕೈ ಹಿಡಿದ ಹತ್ತು ಪುಟಾಣಿಗಳಿಗೆ ಹದಿನೈದು ನಿಮಿಷ. ನಡುವೆ ದೊಡ್ಡ ರಸ್ತೆ ದಾಟಬೇಕಿದ್ದರೆ ನಾನಂತೂ ಆ ಜಾಗ ಬೇಡ ಎನ್ನುತ್ತೇನೆ.

ಹಳೇ ಗೋದಾಮು, ಬಾಡಿಗೆ ಅರ್ಧಕ್ಕರ್ಧ ಕಡಿಮೆ. ಗೋಡೆ ಎಬ್ಬಿಸಿ ಕೇಂದ್ರ ಮಾಡಬಹುದಾ?

ಬಳಕೆ ಬದಲಾವಣೆಗೆ ಅನುಮತಿ ಸಿಕ್ಕರೂ ಎರಡು ವಿಷಯದಲ್ಲಿ ಕಣ್ಣು ಮುಚ್ಚಬಾರದು.

ಮೊದಲನೆಯದು ಬೆಂಕಿ. 2009ರ ಜೂನ್ 5ರಂದು ಮೆಕ್ಸಿಕೋದ ಎರ್ಮೊಸಿಯೊ ನಗರದಲ್ಲಿ ಗೋದಾಮಿನ ಕಟ್ಟಡವನ್ನು ಮಾರ್ಪಡಿಸಿ ನಡೆಸುತ್ತಿದ್ದ ಶಿಶುಪಾಲನಾ ಕೇಂದ್ರಕ್ಕೆ, ಪಕ್ಕಕ್ಕೆ ತಾಗಿಕೊಂಡಿದ್ದ ಗೋದಾಮಿನಲ್ಲಿ ಹೊತ್ತಿದ ಬೆಂಕಿ ಹರಡಿ 49 ಮಕ್ಕಳು ತೀರಿಕೊಂಡರು. ಆ ದೇಶ 2011ರಲ್ಲಿ ಶಿಶುಪಾಲನೆಗೆಂದೇ ಹೊಸ ಕಾನೂನು ತಂದಿತು. ನಿಮ್ಮ ಗೋಡೆಯ ಆಚೆ ಏನಿದೆ, ಆ ಗೋಡೆ ಸೂರಿನವರೆಗೂ ಹೋಗಿದೆಯೇ, ಮೇಲೆ ಎರಡೂ ಕಟ್ಟಡಕ್ಕೆ ಒಂದೇ ಚಾವಣಿಯೇ, ಹೊರಗೆ ನೇರವಾಗಿ ತೆರೆಯುವ ಬಾಗಿಲು ಎಷ್ಟು ಎಂಬುದನ್ನು ನೀವೇ ಏಣಿ ಹತ್ತಿ ನೋಡಿ. ಅನುಮತಿ ಪತ್ರ ಕೈಗೆ ಬಂದ ಮೇಲೂ ನೋಡಿ.

ಎರಡನೆಯದು ನೆಲ. ನ್ಯೂ ಜೆರ್ಸಿಯಲ್ಲಿ ಒಂದು ಕಾಲಕ್ಕೆ ಥರ್ಮಾಮೀಟರ್ ತಯಾರಿಸುತ್ತಿದ್ದ ಕಟ್ಟಡದಲ್ಲಿ ನಡೆಯುತ್ತಿದ್ದ ಕೇಂದ್ರವೊಂದನ್ನು ಒಳಗಿನ ಗಾಳಿಯಲ್ಲಿ ಪಾದರಸದ ಆವಿ ಕಂಡುಬಂದು 2006ರಲ್ಲಿ ಮುಚ್ಚಬೇಕಾಯಿತು. ಮರುವರ್ಷವೇ ಅಲ್ಲಿ ಇಂಥ ಕಟ್ಟಡಗಳಲ್ಲಿ ಕೇಂದ್ರ ತೆರೆಯುವ ಮೊದಲು ಪರಿಸರ ತಪಾಸಣೆ ಕಡ್ಡಾಯವಾಯಿತು. ಗ್ಯಾರೇಜು, ಬಟ್ಟೆ ಡ್ರೈಕ್ಲೀನಿಂಗ್, ಬ್ಯಾಟರಿ ರಿಪೇರಿ, ಪೆಟ್ರೋಲ್ ಬಂಕು ಇದ್ದ ಜಾಗವಾದರೆ ಮಣ್ಣು, ಗಾಳಿ ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ. ಹಿಂದೆ ಅಲ್ಲಿ ಏನು ನಡೆಯುತ್ತಿತ್ತು ಎಂದು ಆ ಬೀದಿಯ ಹಿರಿಯರನ್ನು ಕೇಳಿ. ದಾಖಲೆಯಲ್ಲಿ ಇಲ್ಲದ್ದು ಅವರ ನೆನಪಿನಲ್ಲಿರುತ್ತದೆ.

ಮೊದಲನೇ ಮಹಡಿಯಲ್ಲಿ ಮಾಡಬಹುದಾ?

ದೊಡ್ಡ ಮಕ್ಕಳಿಗೆ ಬಹಳ ಕಡೆ ಆದೀತು, ಕೂಸುಗಳಿಗೆ ಕಷ್ಟ. ಅಮೆರಿಕದ ಹಲವು ಊರುಗಳು ಅನುಸರಿಸುವ ಮಾದರಿ ಕಟ್ಟಡ ಸಂಹಿತೆಯಲ್ಲಿ ಎರಡೂವರೆ ವರ್ಷದೊಳಗಿನವರಿರುವ ಕೋಣೆ ನೆಲಮಟ್ಟದಲ್ಲಿದ್ದು ಹೊರಕ್ಕೆ ನೇರ ಬಾಗಿಲಿದ್ದರೆ ಒಂದು ವರ್ಗ, ಇಲ್ಲದಿದ್ದರೆ ಇನ್ನಷ್ಟು ಬಿಗಿಯಾದ ವರ್ಗ. ನಡೆಯಲು ಬಾರದ ಎಂಟು ಕೂಸುಗಳನ್ನು ಇಬ್ಬರು ಆಯಾಗಳು ಮೆಟ್ಟಿಲಿಳಿಸಿ ತರುವುದು ಹೇಗೆ ಎಂದು ಊಹಿಸಿಕೊಂಡರೆ ಕಾರಣ ತಿಳಿಯುತ್ತದೆ.

ಕೈಗಾರಿಕಾ ಪ್ರದೇಶದಲ್ಲಿ, ಅಲ್ಲೇ ಕೆಲಸ ಮಾಡೋರ ಮಕ್ಕಳಿಗಾಗಿ ಮಾಡೋ ಆಸೆ. ಬಿಡ್ತಾರಾ?

ಈ ವಿಷಯದಲ್ಲಿ ದೇಶ ದೇಶಕ್ಕೂ ಧೋರಣೆ ಬೇರೆ. ಜಪಾನಿನಲ್ಲಿ ಶಿಶುವಿಹಾರ ಮತ್ತು ಶಾಲೆಗಳನ್ನು ಕೈಗಾರಿಕಾ ವಲಯಗಳಲ್ಲಿ ಬಿಡುವುದಿಲ್ಲ, ಆದರೆ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಪಾಲನಾ ಕೇಂದ್ರಗಳಿಗೆ ಎಲ್ಲ ವಲಯಗಳಲ್ಲೂ ಅವಕಾಶವಿದೆ. ಭಾರತದಲ್ಲಿ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ನಿಗದಿತ ದೂರದೊಳಗೆ ಕ್ರೆಶ್ ಒದಗಿಸಬೇಕು ಎಂದಿತು. ಅಂದರೆ ಕೆಲಸದ ಜಾಗದ ಹತ್ತಿರ ಕೇಂದ್ರ ಬೇಕು ಎಂದು ಒಂದು ಕಾನೂನೇ ಕೇಳುತ್ತದೆ. ಅಲ್ಲಿ ಜಾಗ ಕೊಡಲು ವಲಯ ನಿಯಮ ಒಪ್ಪುತ್ತದೆಯೇ ಎಂಬುದು ಪ್ರತ್ಯೇಕ ಪ್ರಶ್ನೆ. ಕಾರ್ಖಾನೆಯ ಅನುಬಂಧ ಬಳಕೆಯಾಗಿ, ಅಂದರೆ ಕಾರ್ಖಾನೆಗೆ ಸೇರಿದ ಪೂರಕ ಸೌಲಭ್ಯವಾಗಿ, ಅರ್ಜಿ ಹಾಕುವುದು ಸ್ವತಂತ್ರ ಕೇಂದ್ರವಾಗಿ ಹಾಕುವುದಕ್ಕಿಂತ ಸಾಮಾನ್ಯವಾಗಿ ಸುಲಭ.

ಗಾಳಿಯ ದಿಕ್ಕು ನೋಡಿ. ಕ್ಯಾಲಿಫೋರ್ನಿಯಾದ ವಾಯು ಮಂಡಳಿ 2005ರಲ್ಲಿ ದೊಡ್ಡ ಹೆದ್ದಾರಿಗಳಿಂದ 500 ಅಡಿಯೊಳಗೆ ಡೇ ಕೇರ್‌ನಂಥ ಹೊಸ ಬಳಕೆ ಬೇಡ ಎಂದು ಸಲಹೆ ಕೊಟ್ಟಿತು. ನಿಮ್ಮ ಊರಿನ ನಿಯಮದಲ್ಲಿ ಹಾಗೆ ಇಲ್ಲದಿದ್ದರೂ ಆ ದೂರ ಕಾಯ್ದುಕೊಳ್ಳುವುದು ಮಕ್ಕಳ ಶ್ವಾಸಕೋಶಕ್ಕೆ ಒಳ್ಳೆಯದು.

## ವಾಹನ, ಸದ್ದು, ನೆರೆಹೊರೆ

ಪಾರ್ಕಿಂಗ್ ಎಷ್ಟು ತೋರಿಸಬೇಕು? ಬರೋರೆಲ್ಲ ಮಗು ಬಿಟ್ಟು ಹೋಗೋರೇ ತಾನೇ?

ಹೆಚ್ಚಿನ ಅರ್ಜಿಗಳು ಬೀಳುವುದು ಇಲ್ಲೇ. ಸಿಬ್ಬಂದಿಯ ವಾಹನ ದಿನವಿಡೀ ನಿಲ್ಲುತ್ತದೆ, ಅದರ ಲೆಕ್ಕ ಸುಲಭ. ಪೋಷಕರದ್ದು ಬೇರೆ. "ಬಿಟ್ಟು ಹೋಗುವುದು" ಎಂದು ಬಾಯಲ್ಲಿ ಹೇಳುತ್ತೇವೆ. ಗೇಟಿನ ಬಳಿ ನಿಂತು ನೋಡಿದರೆ ಗೊತ್ತಾಗುತ್ತದೆ: ಗಾಡಿ ನಿಲ್ಲಿಸಬೇಕು, ಮಗುವನ್ನು ಬೆಲ್ಟಿನಿಂದ ಬಿಡಿಸಬೇಕು, ಚೀಲ ತೆಗೆಯಬೇಕು, ಒಳಗೆ ಹೋಗಿ ಸಹಿ ಹಾಕಬೇಕು, ರಾತ್ರಿ ಕೆಮ್ಮಿತ್ತು ಎಂದು ಆಯಾಗೆ ಹೇಳಬೇಕು, ಸೆರಗು ಹಿಡಿದು ಬಿಡದ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕು. ಎಂಟು ನಿಮಿಷ ಬೇಕು.

ಈಗ ಲೆಕ್ಕ ಹಾಕಿ. 40 ಮಕ್ಕಳು, ಅಣ್ಣ-ತಂಗಿಯರು ಒಟ್ಟಿಗೆ ಬರುವುದರಿಂದ 36 ವಾಹನ ಎಂದಿಟ್ಟುಕೊಳ್ಳಿ. ಅದರಲ್ಲಿ 24 ವಾಹನ 45 ನಿಮಿಷದ ದಟ್ಟಣೆಯ ಹೊತ್ತಿನಲ್ಲಿ ಬಂದರೆ, 24ನ್ನು 8ರಿಂದ ಗುಣಿಸಿ 45ರಿಂದ ಭಾಗಿಸಿದಾಗ ಸರಾಸರಿ ನಾಲ್ಕು ಚಿಲ್ಲರೆ ಗಾಡಿ ಸದಾ ನಿಂತಿರುತ್ತವೆ. ಎಲ್ಲರೂ ಸಮನಾಗಿ ಹಂಚಿಕೊಂಡು ಬರುವುದಿಲ್ಲವಾದ್ದರಿಂದ ಏಳೆಂಟಕ್ಕೆ ಜಾಗ ಬೇಕು. ನಿಮಗಿರುವುದು ಮೂರಕ್ಕಾದರೆ ಉಳಿದವು ನೆರೆಯವರ ಗೇಟಿಗೆ ಅಡ್ಡ ನಿಲ್ಲುತ್ತವೆ, ಜಗಳ ಅಲ್ಲಿಂದ ಶುರು.

ಶಾಲೆಗೆ ಗಂಟೆ ಇರುತ್ತದೆ, ಡೇ ಕೇರ್‌ಗೆ ಇಲ್ಲ. ನಿಮ್ಮ ಪರವಾಗಿ ಇರುವ ದೊಡ್ಡ ವಾದ ಅದು. ಮಕ್ಕಳು ಬರುವ ಹೊತ್ತನ್ನು ನೀವು ಎರಡು ಮೂರು ತಂಡ ಮಾಡಿ ಹಂಚಬಹುದು, ಪ್ರವೇಶದ ಒಪ್ಪಂದದಲ್ಲೇ ಬರೆಯಬಹುದು. ನಕ್ಷೆಯಲ್ಲಿ ಗಾಡಿ ಬರುವ ದಾರಿ, ಹೋಗುವ ದಾರಿ ಬಾಣದಿಂದ ತೋರಿಸಿ. ಹಿಮ್ಮುಖ ತೆಗೆಯಬೇಕಾದ ವಿನ್ಯಾಸ ಬೇಡವೇ ಬೇಡ; ಗಾಡಿಯ ಹಿಂದೆ ನಿಂತ ಎರಡು ವರ್ಷದ ಮಗು ಕನ್ನಡಿಯಲ್ಲಿ ಕಾಣುವುದಿಲ್ಲ. ಅರ್ಜಿ ಹಾಕುವ ಮೊದಲು ಮೂರು ಬೆಳಗ್ಗೆ ಆ ರಸ್ತೆಯಲ್ಲಿ ಪುಸ್ತಕ ಹಿಡಿದು ನಿಂತು, ಹದಿನೈದು ನಿಮಿಷಕ್ಕೊಮ್ಮೆ ಓಡಾಡುವ ವಾಹನ ಎಣಿಸಿ. ಆ ಕೈಬರಹದ ಪಟ್ಟಿ ವಿಚಾರಣೆಯಲ್ಲಿ ನಿಮ್ಮನ್ನು ಕಾಪಾಡುತ್ತದೆ.

ಮಕ್ಕಳ ಗಲಾಟೆ ಅಂತ ಪಕ್ಕದ ಮನೆಯವರ ತಕರಾರು. ಮಕ್ಕಳು ಅಂದ್ಮೇಲೆ ಗಲಾಟೆ ಇರಲ್ವಾ?

ಇರುತ್ತದೆ, ಇರಬೇಕು. ಜರ್ಮನಿ ಇದನ್ನು ಕಾನೂನಿನಲ್ಲೇ ಬರೆದಿದೆ: 2011ರ ತಿದ್ದುಪಡಿಯ ಪ್ರಕಾರ ಪಾಲನಾ ಕೇಂದ್ರ, ಆಟದ ಅಂಗಳಗಳಲ್ಲಿ ಮಕ್ಕಳು ಮಾಡುವ ಸದ್ದನ್ನು ಸಾಮಾನ್ಯವಾಗಿ ಹಾನಿಕಾರಕ ಪರಿಸರ ಪರಿಣಾಮ ಎಂದು ಎಣಿಸುವಂತಿಲ್ಲ. ಟೋಕಿಯೊ 2015ರಲ್ಲಿ ತನ್ನ ಸದ್ದಿನ ನಿಯಮ ತಿದ್ದಿ ಪುಟ್ಟ ಮಕ್ಕಳ ದನಿಯನ್ನು ಡೆಸಿಬೆಲ್ ಮಿತಿಯಿಂದ ಹೊರಗಿಟ್ಟಿತು.

ಇಂಥ ಕಾನೂನು ಇಲ್ಲದ ಊರಿನಲ್ಲೂ ಮಾಡಬಹುದಾದ ಕೆಲಸವಿದೆ. ಒಂದೇ ಸಲಕ್ಕೆ ಅಂಗಳಕ್ಕಿಳಿಯುವ ಮಕ್ಕಳನ್ನು ಅರ್ಧ ಮಾಡಿದರೆ ಸದ್ದು ಸುಮಾರು 3 ಡೆಸಿಬೆಲ್ ಇಳಿಯುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಇಳಿಯುತ್ತದೆ. ಆಡುವವರು ಕಾಣದಷ್ಟು ಎತ್ತರದ, ಸಂದಿಯಿಲ್ಲದ ಗಟ್ಟಿ ಗೋಡೆ ಸುಮಾರು 5 ತಡೆಯುತ್ತದೆ. ಹಸಿರು ಬೇಲಿ ಕಣ್ಣಿಗೆ ತಂಪು, ಸದ್ದಿಗೆ ಹೆಚ್ಚೇನೂ ಅಡ್ಡಿಯಲ್ಲ. ಹಾಗಾಗಿ ಜಾರುಬಂಡೆಯನ್ನು ನೆರೆಮನೆಯ ಮಲಗುವ ಕೋಣೆಯ ಕಿಟಕಿಯಿಂದ ಆಚೆ ಮೂಲೆಗೆ ಒಯ್ಯುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ. ಆ ಮನೆಯಲ್ಲಿ ರಾತ್ರಿಪಾಳಿ ಮುಗಿಸಿ ಮಲಗುವವರೋ ಹಾಸಿಗೆ ಹಿಡಿದ ಹಿರಿಯರೋ ಇರಬಹುದು. ಅವರ ತಕರಾರು ಮಕ್ಕಳ ಮೇಲಿನ ದ್ವೇಷವಲ್ಲ.

ವಿಚಾರಣೆಗೆ ಕರೆದಿದ್ದಾರೆ. ಏನು ಮಾತಾಡ್ಲಿ?

ಮೊದಲು ವಿಚಾರಣೆಗೆ ಹದಿನೈದು ದಿನ ಮುಂಚೆ ಅಕ್ಕಪಕ್ಕ, ಎದುರು, ಹಿಂದಿನ ಮನೆಗಳಿಗೆ ನೀವೇ ಹೋಗಿ. ಕಚೇರಿಯ ನೋಟಿಸಿನಿಂದ ವಿಷಯ ತಿಳಿದವರು ಬೇಡ ಎಂದು ತೀರ್ಮಾನಿಸಿಕೊಂಡೇ ಬರುತ್ತಾರೆ. ನಿಮ್ಮ ಬಾಯಿಂದ ಕೇಳಿದವರು ಪ್ರಶ್ನೆ ಇಟ್ಟುಕೊಂಡು ಬರುತ್ತಾರೆ.

ವಿಚಾರಣೆಯಲ್ಲಿ ಮಕ್ಕಳ ಸೇವೆಯ ಮಹತ್ವ ಹೇಳುತ್ತಾ ಕೂರಬೇಡಿ. ಸಮಿತಿ ತೀರ್ಮಾನಿಸಬೇಕಾದದ್ದು ನೆಲದ ಬಳಕೆಯನ್ನು. ಎಷ್ಟು ಮಕ್ಕಳು, ಎಷ್ಟರಿಂದ ಎಷ್ಟು ಹೊತ್ತು, ಗಾಡಿ ಎಲ್ಲಿ, ಅಂಗಳ ಎಲ್ಲಿ, ಕಸ ಎಲ್ಲಿ, ಬೇಲಿ ಎಷ್ಟೆತ್ತರ ಎಂಬುದನ್ನು ನಕ್ಷೆ ತೋರಿಸಿ ಹತ್ತು ನಿಮಿಷದಲ್ಲಿ ಹೇಳಿ. ನೀವು ಪಾಲಿಸಬಲ್ಲ ಷರತ್ತುಗಳನ್ನು ನೀವೇ ಮುಂದಿಡಿ. ಅವರು ಬರೆದ ಷರತ್ತಿಗಿಂತ ನೀವು ಬರೆದದ್ದು ಪಾಲಿಸಲು ಹಗುರವಾಗಿರುತ್ತದೆ. ಆದರೆ ಆ ಕ್ಷಣದ ಒತ್ತಡಕ್ಕೆ "30 ಮಕ್ಕಳು ಸಾಕು" ಎಂದು ಒಪ್ಪಿಬಿಡಬೇಡಿ. ಎಷ್ಟು ಮಕ್ಕಳಿದ್ದರೆ ಸಂಬಳ, ಬಾಡಿಗೆ ಸರಿದೂಗುತ್ತದೆ ಎಂಬ ಕನಿಷ್ಠ ಸಂಖ್ಯೆ ಮನೆಯಿಂದ ಹೊರಡುವಾಗಲೇ ಗೊತ್ತಿರಲಿ.

## ಸಿಕ್ಕಾದ ಪ್ರಶ್ನೆಗಳು

ಎಲ್ಲ ಸರಿ ಇದೆ, ಹಿಂದಿನ ಸೆಟ್‌ಬ್ಯಾಕ್ ಎರಡಡಿ ಕಡಿಮೆ. ವಿನಾಯಿತಿ ಸಿಗುತ್ತಾ?

ಸೆಟ್‌ಬ್ಯಾಕ್ ಎಂದರೆ ಕಟ್ಟಡಕ್ಕೂ ನಿವೇಶನದ ಗಡಿಗೂ ನಡುವೆ ಖಾಲಿ ಬಿಡಬೇಕಾದ ಜಾಗ. ವಿನಾಯಿತಿ ಸಿಗಬಹುದು, ಕಾರಣ ನೆಲದಲ್ಲಿರಬೇಕು. ನಿವೇಶನ ಓರೆಯಾಗಿದೆ, ಇಳಿಜಾರಿದೆ, ಹಳೆಯ ಬಾವಿಯಿದೆ ಎಂಬಂಥದ್ದು ನಡೆಯುತ್ತದೆ. ಸಾಲ ಮಾಡಿದ್ದೇನೆ, ಬೇರೆ ಜಾಗ ದುಬಾರಿ ಎಂಬುದು ನಡೆಯುವುದಿಲ್ಲ. ಅಳತೆಗೆ ವಿನಾಯಿತಿ ಕೊಡುವಷ್ಟು ಸುಲಭವಾಗಿ ಬಳಕೆಗೆ ಕೊಡುವುದಿಲ್ಲ. ಹಲವು ಕಡೆ ಬಳಕೆಗೆ ವಿನಾಯಿತಿಯೇ ಇಲ್ಲ.

ಹನ್ನೆರಡು ವರ್ಷದಿಂದ ನಡೆಸ್ತಿದ್ದೀನಿ. ಈಗ ವಲಯ ಬದಲಾಗಿದೆಯಂತೆ. ಮುಚ್ಚಬೇಕಾ?

ಶುರು ಮಾಡಿದಾಗ ನಿಯಮದ ಪ್ರಕಾರವೇ ಇದ್ದರೆ ಸಾಮಾನ್ಯವಾಗಿ ಮುಚ್ಚಬೇಕಿಲ್ಲ, ಹಳೆಯ ಬಳಕೆಗೆ ರಕ್ಷಣೆ ಇರುತ್ತದೆ. ಆದರೆ ಅದು ನಾಜೂಕಾದ ರಕ್ಷಣೆ. ನಿಗದಿತ ಅವಧಿಗಿಂತ ಹೆಚ್ಚು ಕಾಲ ನಿಲ್ಲಿಸಿದರೆ, ಕಟ್ಟಡ ವಿಸ್ತರಿಸಿದರೆ, ಕೆಡವಿ ಕಟ್ಟಿದರೆ ಕಳೆದುಹೋಗುತ್ತದೆ. ಹಳೆಯ ಹಾಜರಿ ಪುಸ್ತಕ, ವಿದ್ಯುತ್ ಬಿಲ್ಲು, ಲೈಸೆನ್ಸ್ ಪ್ರತಿ, ಶುಲ್ಕದ ರಸೀದಿ ಎಲ್ಲವನ್ನೂ ವರ್ಷವಾರು ಜೋಡಿಸಿಡಿ. ಸತತವಾಗಿ ನಡೆದಿದೆ ಎಂದು ತೋರಿಸುವ ಹೊಣೆ ನಿಮ್ಮದೇ.

20 ಮಕ್ಕಳಿಗೆ ಅನುಮತಿ ತಗೊಂಡಿದ್ದೆ. ಈಗ 35 ಆಗಿದ್ದಾರೆ. ಯಾರೂ ಕೇಳಿಲ್ಲ. ಹಾಗೇ ಇರ್ಲಾ?

ಇರಬೇಡಿ. ಒಂದು ಸಣ್ಣ ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವುದು ಅನುಮತಿ ಪತ್ರದಲ್ಲಿರುವ ಸಂಖ್ಯೆಯನ್ನು. ತಿದ್ದುಪಡಿಗೆ ಅರ್ಜಿ ಹಾಕಿ, ಇತ್ಯರ್ಥವಾಗುವವರೆಗೆ ಹೊಸ ಪ್ರವೇಶ ನಿಲ್ಲಿಸಿ. ಹೊಸದಾಗಿ ಅರ್ಜಿ ಹಾಕುವವರು ಎರಡು ವರ್ಷ ಮುಂದಿನ ಸಂಖ್ಯೆಗೇ ಹಾಕುವುದು ಒಳ್ಳೆಯದು.

ಅರ್ಜಿ ತಿರಸ್ಕರಿಸಿದ್ರು. ಕೋರ್ಟಿಗೆ ಹೋಗ್ಲಾ?

ಆದೇಶದಲ್ಲಿ ಕಾರಣ ಬರೆದಿದ್ದಾರೆಯೇ ನೋಡಿ. ಮೇಲ್ಮನವಿಗೆ ದಿನಗಳ ಗಡುವು ಇರುತ್ತದೆ, ಬಹಳ ಕಡೆ ತೀರಾ ಚಿಕ್ಕದು, ಆ ತಾರೀಖನ್ನು ಅದೇ ದಿನ ಗುರುತು ಹಾಕಿಕೊಳ್ಳಿ. ಕಾರಣ ಸರಿಪಡಿಸಬಹುದಾದದ್ದಾದರೆ, ಅಂದರೆ ಪಾರ್ಕಿಂಗ್, ಸಮಯ, ಬೇಲಿಯಂಥದ್ದಾದರೆ, ತಿದ್ದಿ ಹೊಸ ಅರ್ಜಿ ಹಾಕುವುದು ಬೇಗ ಮುಗಿಯುತ್ತದೆ. ಆದರೆ ಹೊಸ ಅರ್ಜಿಗೆ ಇಂತಿಷ್ಟು ತಿಂಗಳು ಕಾಯಬೇಕು ಎಂಬ ನಿಯಮ ಇದೆಯೇ ಎಂದು ಮೊದಲು ವಿಚಾರಿಸಿ. ನೆರೆಯವರ ಗದ್ದಲ ಬಿಟ್ಟರೆ ಬೇರೆ ಕಾರಣವೇ ಇಲ್ಲದಿದ್ದರೆ ಮೇಲ್ಮನವಿ ಗಟ್ಟಿಯಾಗಿರುತ್ತದೆ. ಯಾವ ದಾರಿಯಾದರೂ ಅಷ್ಟು ತಿಂಗಳ ಬಾಡಿಗೆ ಕಟ್ಟುವ ಶಕ್ತಿ ಇದೆಯೇ ಎಂಬುದನ್ನು ಮನೆಯವರ ಜೊತೆ ಕೂತು ಲೆಕ್ಕ ಹಾಕಿ.

ನಮ್ಮೂರಲ್ಲಿ ಮನೆಗಳ ನಡುವೆ ಎಲ್ಲೂ ಬಿಡಲ್ಲ. ನಿಯಮವನ್ನೇ ಬದಲಾಯಿಸೋಕೆ ಆಗಲ್ವಾ?

ಆಗುತ್ತದೆ, ಬೇರೆ ಕಡೆ ಆಗಿದೆ. ಜರ್ಮನಿಯಲ್ಲಿ 2013ರಲ್ಲಿ ನಿಯಮ ತಿದ್ದಿ, ಶುದ್ಧ ವಸತಿ ವಲಯದಲ್ಲೂ ಆ ಪ್ರದೇಶದ ನಿವಾಸಿಗಳ ಅಗತ್ಯಕ್ಕೆ ತಕ್ಕ ಶಿಶುಪಾಲನಾ ಕೇಂದ್ರಗಳಿಗೆ ಅವಕಾಶ ಕೊಟ್ಟರು. ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನು ಪ್ರಕಾರ ವಲಯ ನಿಯಮದ ಮೂಲಕ ಶಿಶುಪಾಲನಾ ಕೇಂದ್ರವನ್ನು ನಿಷೇಧಿಸುವಂತಿಲ್ಲ. ಎತ್ತರ, ಅಂಗಳ, ಸೆಟ್‌ಬ್ಯಾಕ್, ಪಾರ್ಕಿಂಗ್ ಇವುಗಳ ಬಗ್ಗೆ ಸಮಂಜಸ ಮಿತಿ ಹಾಕಬಹುದು ಅಷ್ಟೇ.

ನಿಮ್ಮ ಒಂದು ನಿವೇಶನದ ಬಣ್ಣ ಬದಲಿಸಿ ಎಂದು ಕೇಳಬೇಡಿ. ಒಬ್ಬರಿಗಾಗಿ ನಕ್ಷೆ ತಿದ್ದುವುದನ್ನು ನ್ಯಾಯಾಲಯಗಳು ಅನುಮಾನದಿಂದ ನೋಡುತ್ತವೆ, ಅಧಿಕಾರಿಗಳೂ ಹೆದರುತ್ತಾರೆ. ವಸತಿ ವಲಯದ ಬಳಕೆಗಳ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ ಎಂದು ಕೇಳಿ. ಮಹಾಯೋಜನೆ, ಅಂದರೆ ಇಡೀ ಊರಿನ ಮಾಸ್ಟರ್ ಪ್ಲಾನ್, ಪರಿಷ್ಕರಣೆಗೆ ಆಕ್ಷೇಪಣೆ, ಸಲಹೆ ಕರೆದಾಗ ಅದಕ್ಕೆ ಸರಿಯಾದ ಸಮಯ. ಆ ಸಾಲನ್ನು ನೀವೇ ಬರೆದು ಒಯ್ಯಿರಿ: ಇಷ್ಟು ಮಕ್ಕಳವರೆಗೆ ನೇರ ಅವಕಾಶ, ಅದಕ್ಕಿಂತ ಹೆಚ್ಚಾದರೆ ಷರತ್ತಿನ ಅವಕಾಶ, ಗಾಡಿ ನಿಲ್ಲಿಸಲು ಇಷ್ಟು ಜಾಗ. ಜೊತೆಗೆ ಆ ಬೀದಿಗಳಲ್ಲಿ ಪುಟ್ಟ ಮಕ್ಕಳಿದ್ದು ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳವರ ಸಹಿ ಇರಲಿ, ಪ್ರತಿ ಸಹಿಯ ಮುಂದೆ ಈಗ ಅವರು ಮಗುವನ್ನು ಬಿಡಲು ಎಷ್ಟು ದೂರ ಹೋಗುತ್ತಿದ್ದಾರೆ ಎಂಬುದನ್ನೂ ಬರೆಸಿ.